ಕಮಾನಿಗೆ ಹಚ್ಚಿದ ಎಣ್ಣೆ

ಮರಾಠಿಯಲ್ಲಿ ನಾನು ಒಂದೇ ಒಂದು ಜಗಳವನ್ನೂ ಗೆದ್ದವನಲ್ಲ. ನಾಸಿಕದ ಬ್ಯಾಂಕ್ ಶಾಖೆಯೊಂದರಲ್ಲಿ ಆರು ವರ್ಷ ಕೌಂಟರಿನ ಹಿಂದೆ ಕುಳಿತೆ. ಎದುರಿಗೆ ನಿಂತವರು ದನಿ ಏರಿಸಿ ನಾಲ್ಕು ಮಾತಾಡಿದರೆ, ನಾನು ಒಂದು ಕ್ರಿಯಾಪದ ಹುಡುಕಿ ತೆಗೆಯುವಷ್ಟರಲ್ಲಿ ಅವರು ಗೆದ್ದು ಮನೆಗೆ ಹೋಗಿರುತ್ತಿದ್ದರು. ಬೀದರಿನವರಾಗಿದ್ದರೆ ಈ ಫಜೀತಿ ಇರುತ್ತಿರಲಿಲ್ಲ, ಅವರಿಗೆ ಮರಾಠಿ ಹಾಲು ಕುಡಿದಷ್ಟು ಸಲೀಸು. ನಾನು ಸೇಡಂ ಕಡೆಯವನು. ನಮಗೆ ಗಡಿ ಎಂದರೆ ತೆಲುಗು. ಆ ತೆಲುಗಿನಿಂದ ನಾಸಿಕದಲ್ಲಿ ನನಗೆ ಮೂರು ಕಾಸಿನ ಉಪಯೋಗವಾಗಲಿಲ್ಲ.

ಮಗಳ ಕಥೆ ಬೇರೆ. ಆರನೇ ವಯಸ್ಸಿಗೆ ಬಂದವಳು ಆರೇ ತಿಂಗಳಲ್ಲಿ ಮರಾಠಿಯವಳಾದಳು. ನಾವು ಕನ್ನಡದಲ್ಲಿ ಕರೆದರೆ ಅವಳು ಮರಾಠಿಯಲ್ಲಿ ಓಗೊಡುತ್ತಿದ್ದಳು. ನಾನು "ಊಟಕ್ಕ ಬಾ" ಎಂದರೆ ಒಳಗಿನಿಂದ "ಆಲೇ" ಎಂಬ ಉತ್ತರ, ಬಂದೆ ಎಂದು. ಎಲ್ಲ ತಿಳಿಯುತ್ತಿತ್ತು ಅವಳಿಗೆ, ಆಡಲು ಮಾತ್ರ ನಾಲಿಗೆ ತಡವರಿಸುತ್ತಿತ್ತು. ನಮ್ಮವಳು ನಮ್ಮ ಕೈ ಬಿಟ್ಟು ಹೋಗುತ್ತಿದ್ದಾಳೆ ಎಂದು ನನಗೆ ಆಗಾಗ ಅನ್ನಿಸುತ್ತಿತ್ತು. ಆ ಸಂಕಟದಲ್ಲೇ, ಅವಳಿಗೆ ಹನ್ನೆರಡು ತುಂಬಿದ ವರ್ಷ, ಒಂದು ಭಾನುವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕಲಬುರ್ಗಿಗೆ ವರ್ಗ ಮಾಡಿಕೊಡಿ ಎಂದು ನನ್ನ ಕೈಯಾರೆ ಅರ್ಜಿ ಬರೆದೆ. ಹೆಂಡತಿಗೆ ಹೇಳಿದೆ. ಮಗಳಿಗೆ ಹೇಳಲಿಲ್ಲ.

ಗಣಪತಿ ಹಬ್ಬ ಮುಗಿದ ಮೇಲೆ ಆದೇಶ ಬಂತು. ದೀಪಾವಳಿಯ ರಜೆಗೆ ಮುಂಚೆ ಇಲ್ಲಿಂದ ಬಿಡುಗಡೆ. ಮಗಳನ್ನು ಕೂರಿಸಿಕೊಂಡು ವಿಷಯ ಹೇಳಿದೆ. ಅವಳು ಒಂದೇ ಪ್ರಶ್ನೆ ಕೇಳಿದಳು, ಅದೂ ಮರಾಠಿಯಲ್ಲಿ: ಹೋಗಲೇಬೇಕಾ? ನಾನು ಆಕಾಶದ ಕಡೆ ಕೈ ತೋರಿಸಿ, "ಬ್ಯಾಂಕಿನವರ ಹುಕುಂ ಅವ್ವಾ. ನಮ್ಮ ಕೈಯಾಗ ಏನದ?" ಎಂದೆ. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸಪ್ಪಳ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಆ ರಾತ್ರಿ ಹೆಂಡತಿ ನನ್ನ ತಾಟಿಗೆ ರೊಟ್ಟಿ ಹಾಕಿದ ರೀತಿಯಲ್ಲೇ ಅವಳ ಅಭಿಪ್ರಾಯ ನನಗೆ ಗೊತ್ತಾಯಿತು.

ಮಗಳು ಬಿಟ್ಟು ಹೋಗಬೇಕಾದದ್ದು ಏನು ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ನಮ್ಮ ಓಣಿಯ ಹಿಂದೆ ಒಬ್ಬ ಮೇಷ್ಟ್ರಿದ್ದರು. ಗೋವಾ ಕಡೆಯವರು, ರೈಲ್ವೆಯಿಂದ ನಿವೃತ್ತರಾದವರು, ತಮ್ಮ ಎರಡು ಕೋಣೆಯ ಮನೆಯಲ್ಲಿ ಮಕ್ಕಳಿಗೆ ಪಾಶ್ಚಾತ್ಯ ಸಂಗೀತ ಕಲಿಸುತ್ತಿದ್ದರು. ಎಲ್ಲರೂ ಅವರನ್ನು ಸರ್ ಎಂದೇ ಕರೆಯುತ್ತಿದ್ದರು. ಮಗಳು ನಾಲ್ಕು ವರ್ಷದಿಂದ ಅಲ್ಲಿ ವಯೊಲಿನ್ ಕಲಿಯುತ್ತಿದ್ದಳು. ಅವಳ ಜೊತೆಗೆ ಪಿಯಾನೊ ಕಲಿಯುವ ಇನ್ನೊಬ್ಬ ಹುಡುಗಿ, ಅವಳದೇ ವಯಸ್ಸು. ಅವಳ ಅಪ್ಪ ಸಾತಪುರದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸಗಾರ. ಪಿಯಾನೊ ಎಂದು ಹೆಸರಿಗೆ ಹೇಳುವುದು, ಸರ್ ಮನೆಯಲ್ಲಿದ್ದದ್ದು ಬೆರಳಿನಿಂದ ಒತ್ತುವ ಮಣೆಗಳಲ್ಲಿ ಎರಡು ಸತ್ತುಹೋದ ಹಳೆಯ ಎಲೆಕ್ಟ್ರಿಕ್ ಕೀಬೋರ್ಡು. ಆ ಎರಡು ಸ್ವರ ಬಂದಾಗ ಹುಡುಗಿ ಬಾಯಲ್ಲಿ ಹಾಡಿ ತುಂಬಿಸುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ನನ್ನ ಮಗಳು ಮನೆಯಲ್ಲಿ ಹಾಗೆ ನಕ್ಕದ್ದನ್ನು ನಾನು ಕಂಡಿಲ್ಲ.

ಆ ವರ್ಷವೆಲ್ಲ ಇಬ್ಬರೂ ಸೇರಿ ಒಂದೇ ಒಂದು ನಿಧಾನವಾದ ಕೃತಿಯನ್ನು ತಿದ್ದಿದರು. ಸಂಗೀತ ನನಗೆ ತಿಳಿಯದು, ಆದರೆ ಅದರ ಕೊನೆ ಮಾತ್ರ ಮಗಳು ಮನೆಯಲ್ಲಿ ಸಾಧನೆ ಮಾಡುವಾಗ ಗೋಡೆಯಾಚೆಯಿಂದ ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು. ಕೊನೆಯಲ್ಲಿ ವಯೊಲಿನ್ ಒಂದೇ ಸ್ವರವನ್ನು ಎಂಟು ಎಣಿಕೆಯಷ್ಟು ಹೊತ್ತು ಹಿಡಿದು ನಿಲ್ಲಬೇಕು. ಅದರ ಕೆಳಗೆ ಪಿಯಾನೊ ಮೆಟ್ಟಿಲಿಳಿದು ಹೋಗಬೇಕು. ತಂತಿಯ ಮೇಲೆ ಎಳೆಯುವ ಕಮಾನು ನಡುಗಬಾರದು, ನಡುವೆಯೇ ತೀರಬಾರದು. ಮಗಳ ಕಮಾನು ಐದಕ್ಕೆ ತೀರುತ್ತಿತ್ತು, ಆಮೇಲೆ ಆರಕ್ಕೆ. ಆಷಾಢದಲ್ಲಿ ಏಳು ಮುಟ್ಟಿದಳು. ನಾನು ಪೇಪರ್ ಓದುತ್ತ ಗೊತ್ತಿಲ್ಲದೆ ಬೆರಳು ಮಡಚಿ ಎಣಿಸುತ್ತಿದ್ದೆ. ವರ್ಗದ ಸುದ್ದಿ ಹೇಳಿದ ವಾರವೇ ಎಂಟು ಬಂತು. ಅವತ್ತು ಹೊರಗೆ ಬಂದು ನನ್ನ ಮುಖ ನೋಡಿದಳು. ನಾನು ಎಂಟು ಬೆರಳು ಎತ್ತಿ ತೋರಿಸಿದೆ.

ಆಗಿನ್ನೂ ಎಲ್ಲರೂ ಔರಂಗಾಬಾದ್ ಎಂದೇ ಕರೆಯುತ್ತಿದ್ದ ಸಂಭಾಜಿನಗರದಲ್ಲಿ ಸರ್ ದಸರೆಯ ಸಂಜೆಗೆ ತಮ್ಮ ಮಕ್ಕಳ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಅಲ್ಲಿನ ಹಳೆಯ ಶಾಲೆಯೊಂದರ ಸಭಾಂಗಣದಲ್ಲಿ ನಿಜವಾದ ಪಿಯಾನೊ ಇತ್ತು, ಕಟ್ಟಿಗೆಯದು, ಆಳೆತ್ತರದ್ದು. ಅಷ್ಟು ದೂರ ಹೋಗುವುದೇ ಅದಕ್ಕಾಗಿ. ಮಗಳು ಮತ್ತು ಆ ಹುಡುಗಿ ಜೀವಮಾನದಲ್ಲಿ ಒಮ್ಮೆ ನಿಜವಾದ ಪಿಯಾನೊದೊಂದಿಗೆ ಆ ಕೃತಿ ನುಡಿಸಬೇಕು, ಅದೇ ಮೊದಲು, ಅದೇ ಕಡೆ. ಅದಾದ ಹನ್ನೆರಡನೇ ದಿನಕ್ಕೆ ನಮ್ಮ ಸಾಮಾನಿನ ಲಾರಿ ಗೊತ್ತಾಗಿತ್ತು. ಕಲಬುರ್ಗಿಯಲ್ಲಿ ಈ ವಿದ್ಯೆ ಕಲಿಸುವವರು ಯಾರಾದರೂ ಇದ್ದಾರೆಯೇ ಎಂದು ನಾನು ನಾಲ್ಕು ಜನರಿಗೆ ಫೋನು ಮಾಡಿ ಕೇಳಿದ್ದೆ. ನಾಲ್ವರೂ ಹಾರ್ಮೋನಿಯಂ ಮೇಷ್ಟ್ರ ವಿಳಾಸ ಕೊಟ್ಟರು.

ನವಮಿಯ ಬೆಳಿಗ್ಗೆಯೇ ಸರ್ ಮಕ್ಕಳನ್ನೆಲ್ಲ ಜೀಪಿನಲ್ಲಿ ಕರೆದುಕೊಂಡು ಹೊರಟರು. ಅಂದು ಸಂಜೆ ಆ ಪಿಯಾನೊದ ಮೇಲೆ ತಾಲೀಮು. ನಾನು ಮಗಳನ್ನು ಕಳಿಸಲಿಲ್ಲ. ಮಹಾನವಮಿಗೆ ನಮ್ಮಲ್ಲಿ ಖಂಡೆ ಪೂಜೆ, ಮನೆಯ ಆಯುಧಗಳಿಗೆಲ್ಲ ಪೂಜೆಯಾಗಬೇಕು. ಆಯುಧ ಹೊರಗೆ ಹೋದರೆ ಪೂಜೆ ಯಾವುದಕ್ಕೆ? ಮರುದಿನ ಬೆಳಗಿನ ಬಸ್ಸಿಗೆ ಬಂದರೂ ತಡವೆಂದರೆ ಮೂರು ಗಂಟೆಯೊಳಗೆ ಮುಟ್ಟುತ್ತೇವೆ, ತಾಲೀಮಿಗೆ ಬೇಕಾದಷ್ಟು ಹೊತ್ತಿರುತ್ತದೆ ಎಂದು ಸರ್‌ಗೆ ಹೇಳಿಸಿದೆ. ಹೇಳಿದ್ದು ಮಗಳೇ, ನನ್ನ ಮರಾಠಿ ಅಷ್ಟು ಉದ್ದಕ್ಕೆ ಎಳೆಯುತ್ತಿರಲಿಲ್ಲ.

ಸೇಡಂನಲ್ಲಿ ನನ್ನ ಅಪ್ಪನದು ತೊಗರಿ ವ್ಯಾಪಾರ. ನವಮಿಯ ದಿನ ತಕ್ಕಡಿ, ತೂಕದ ಬಟ್ಟು, ಚೀಲ ಹೊಲಿಯುವ ದಬ್ಬಣ, ಅಂಗಡಿಯ ಬೀಗ, ಎಲ್ಲವನ್ನೂ ಒರೆಸಿ ಒಂದೊಂದಕ್ಕೂ ಎಣ್ಣೆ ಮುಟ್ಟಿಸಿ ಸಾಲಾಗಿ ಇಡುತ್ತಿದ್ದ. ಎಣ್ಣೆ ಮುಟ್ಟಿಸದೆ ಪೂಜೆ ಮಾಡಿದರೆ ಮೀಯಿಸದ ಮಗುವಿಗೆ ಹೊಸ ಅಂಗಿ ತೊಡಿಸಿದಂತೆ ಎಂದು ಅವನ ಮಾತು. ನಾನೂ ಹಾಗೆಯೇ ಮಾಡುತ್ತ ಬಂದವನು. ಆ ವರ್ಷ ಈಳಿಗೆ, ಕತ್ತರಿ, ಹೊಲಿಗೆ ಯಂತ್ರ, ಸ್ಕೂಟರ್, ಎಲ್ಲಕ್ಕೂ ಆಯಿತು. ಪ್ರತಿ ವರ್ಷ ವಯೊಲಿನ್ನಿಗೆ ದೂರದಿಂದ ಕುಂಕುಮ, ವಿಭೂತಿ ಮಾತ್ರ. ಆ ವರ್ಷ ನನ್ನ ಮನಸ್ಸಿನಲ್ಲಿ ಕಳ್ಳನಿದ್ದ. ಅವಳ ವಾದ್ಯಕ್ಕೆ ಒಂದಿಷ್ಟು ಹೆಚ್ಚಿನ ಸೇವೆ ಮಾಡಬೇಕು ಅನ್ನಿಸಿತು.

ಮಗಳು ಹನ್ನೆರಡು ಗಂಟೆಯವರೆಗೆ ನುಡಿಸಿ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು ಸ್ನಾನಕ್ಕೆ ಹೋದಳು. ಪೆಟ್ಟಿಗೆ ತೆರೆದೆ. ವಯೊಲಿನ್ನಿನ ಮೇಲೆ ಬಿಳಿ ಧೂಳು, ಕಮಾನಿನ ಕೂದಲಿನ ಮೇಲೂ ಬಿಳಿ ಧೂಳು. ಎರಡನ್ನೂ ಮೆತ್ತನೆಯ ಬಟ್ಟೆಯಿಂದ ಚೊಕ್ಕಟವಾಗಿ ಒರೆಸಿದೆ. ಆ ಕೂದಲು ಕುದುರೆಯ ಬಾಲದ್ದು ಎಂದು ಮಗಳು ಹಿಂದೊಮ್ಮೆ ಹೇಳಿದ್ದಳು. ನೋಡಿದರೆ ಒಣಗಿ ನಾರಿನಂತಾಗಿತ್ತು. ಅವಳು ಅದಕ್ಕೆ ಜೇನುಬಣ್ಣದ ಗಟ್ಟಿಯೊಂದನ್ನು ತಿಕ್ಕುವುದನ್ನು ಎಷ್ಟೋ ಸಲ ಕಂಡಿದ್ದೆ. ಅದೂ ಒಂದು ಬಗೆಯ ಮೇಣವೋ ಜಿಡ್ಡೋ ಇರಬೇಕು ಎಂದೇ ನನ್ನ ತಿಳಿವಳಿಕೆ. ಕೂದಲು ಎಂದ ಮೇಲೆ ಎಣ್ಣೆ ಬೇಡವೆ? ಕೊಬ್ಬರಿ ಎಣ್ಣೆಯಲ್ಲಿ ಬೆರಳದ್ದಿ ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ಸವರಿದೆ. ಹೊಳಪು ಬಂತು. ಇನ್ನೊಮ್ಮೆ ಸವರಿದೆ. ಹೂರಣ ರುಬ್ಬುತ್ತಿದ್ದ ಹೆಂಡತಿ ಹೊರಗೆ ಬಂದು ನೋಡಿ, "ರೀ, ಅದಕ್ಕ ಎಣ್ಣಿ ಬ್ಯಾಡ್ರಿ. ಕುಂಕುಮ ಹಚ್ಚಿ ಬಿಡ್ರಿ, ಅಕಿಗಿ ಒಂದು ಮಾತು ಕೇಳ್ರಿ" ಎಂದಳು. ನಾನು ನಲವತ್ತು ವರ್ಷದಿಂದ ಖಂಡೆ ಪೂಜೆ ಮಾಡುತ್ತಿರುವವನು. ಕೇಳಲಿಲ್ಲ. ಪೂಜೆಗಿಟ್ಟ ಆಯುಧವನ್ನು ಅವತ್ತು ಯಾರೂ ಮುಟ್ಟುವಂತಿಲ್ಲ, ಹಾಗಾಗಿ ಮಗಳೂ ಮುಟ್ಟಲಿಲ್ಲ. ಮರುದಿನ ನಸುಕಿನಲ್ಲಿ ನಾನೇ ಎತ್ತಿ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದೆ.

ದಸರೆಯ ಬನ್ನಿ ಎಲೆ ಕೊಡಲು ಮನೆಗೆ ಜನ ಬರುತ್ತಾರೆಂದು ಹೆಂಡತಿ ಉಳಿದಳು. ನಾನು, ಮಗಳು ಹೊರಟೆವು. ವೈಜಾಪುರ ಇನ್ನೂ ನಾಲ್ಕೈದು ಕಿಲೋಮೀಟರ್ ಇರುವಾಗ ಬಸ್ಸಿನ ಟೈರು ಒಡೆಯಿತು. ಬದಲಿ ಟೈರಿಗೂ ಗಾಳಿಯಿಲ್ಲ. ಹಬ್ಬದ ದಿನ, ಹಿಂದೆ ಬಂದ ಬಸ್ಸುಗಳೆಲ್ಲ ಬಾಗಿಲವರೆಗೆ ತುಂಬಿ ಬಂದು ನಿಲ್ಲದೆ ಹೋದವು. ನಾನು ರಸ್ತೆಯ ನಡುವೆ ನಿಂತು ಕೈ ಬೀಸಿದೆ, ಕಂಡಕ್ಟರನ ಮೇಲೆ ಕೂಗಾಡಿದೆ, ಅದೂ ಕನ್ನಡದಲ್ಲಿ. ಮಗಳು ಪೆಟ್ಟಿಗೆಯನ್ನು ಬಿಸಿಲು ತಾಕದಂತೆ ತನ್ನ ಓಢಣಿಯಲ್ಲಿ ಮುಚ್ಚಿಕೊಂಡು ಬೇವಿನ ಮರದಡಿ ಕುಳಿತಿದ್ದಳು. ಎಡಗೈ ಬೆರಳುಗಳು ಓಢಣಿಯ ಮೇಲೆ ತಮ್ಮಷ್ಟಕ್ಕೆ ತಾವು ಆಡುತ್ತಿದ್ದವು.

ಕೊನೆಗೆ ವೈಜಾಪುರದಿಂದ ಬೇರೆ ಟೈರು ಬಂದು, ಬಸ್ಸು ಹೊರಟು, ನಾವು ಸಭಾಂಗಣ ಮುಟ್ಟಿದಾಗ ಕಾರ್ಯಕ್ರಮ ಮುಗಿಯಲು ಬಂದಿತ್ತು. ಸರ್ ಇವರಿಬ್ಬರನ್ನು ಎಲ್ಲರ ಕೊನೆಗೆ ತಳ್ಳಿ ಕಾದಿದ್ದರು. ಬಾಗಿಲಲ್ಲೇ ಪೆಟ್ಟಿಗೆ ಇಸಿದುಕೊಂಡು, ಬೆರಳಿನಿಂದ ತಂತಿ ಮೀಟಿ ಅವಸರದಲ್ಲಿ ಶ್ರುತಿ ಮಾಡಿ ಕೊಟ್ಟರು. ವಯೊಲಿನ್ನಿನ ಸುರುಳಿಯ ಮೇಲಿನ ಕುಂಕುಮ ನೋಡಿ ಮಗಳು ನನ್ನ ಕಡೆ ತಿರುಗಿ ನಕ್ಕಳು. ಆಮೇಲೆ ವೇದಿಕೆ ಹತ್ತಿದಳು. ಆ ಹುಡುಗಿ ಆಗಲೇ ಪಿಯಾನೊದ ಮುಂದೆ ಕುಳಿತಿದ್ದಳು. ಬೂಟು ನೆಲಕ್ಕೆ ಹೇಗೋ ಎಟುಕುತ್ತಿತ್ತು. ನಾನು ಮೂರನೇ ಸಾಲಿನ ತುದಿಯಲ್ಲಿ ಜಾಗ ಹಿಡಿದು ಬೆವರು ಒರೆಸಿಕೊಂಡೆ. ಅಂತೂ ಬಂದು ಮುಟ್ಟಿದೆವಲ್ಲ ಎಂದು ಶಿವನನ್ನು ನೆನೆದೆ.

ಪಿಯಾನೊ ಶುರುವಾಯಿತು. ಆ ದನಿಯನ್ನು ನಾನು ಮೊದಲ ಸಲ ಕೇಳಿದ್ದು, ಇಡೀ ಕೋಣೆಯ ಕಟ್ಟಿಗೆಯೆಲ್ಲ ಹಾಡುತ್ತಿರುವ ಹಾಗಿತ್ತು. ಮಗಳು ಕಮಾನೆತ್ತಿ ತಂತಿಯ ಮೇಲಿಟ್ಟು ಎಳೆದಳು. ಏನೂ ಬರಲಿಲ್ಲ. ಶಾಲೆಯ ಮಕ್ಕಳು ಪಾಟಿ ಒರೆಸಿದಂಥ ಒಂದು ಸಣ್ಣ ಸಪ್ಪಳ, ಅಷ್ಟೆ. ಪಿಯಾನೊ ನಿಂತಿತು. ಮತ್ತೆ ಮೊದಲಿನಿಂದ ಬಂತು. ಮಗಳು ಮತ್ತೆ ಎಳೆದಳು, ಒತ್ತಿ ಎಳೆದಳು. ಕಮಾನು ಜಾರಿ ಕುದುರೆಯ ಹತ್ತಿರ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಆ ಕಟ್ಟಿಗೆಯ ಚೂರಿನ ಹತ್ತಿರ ಹೋಗಿ ನಿಂತಿತು.

ಅವಳು ಕಮಾನಿನ ಕೂದಲನ್ನು ಬೆರಳಿನಿಂದ ಮುಟ್ಟಿದಳು. ಬೆರಳನ್ನು ಮೂಗಿನ ಹತ್ತಿರ ಒಯ್ದಳು. ಆಮೇಲೆ ತಲೆಯೆತ್ತಿ ನೇರವಾಗಿ ಮೂರನೇ ಸಾಲಿನ ತುದಿಗೆ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಬದುಕು ಹಗುರಾಗುತ್ತಿತ್ತು.

ಆ ಗಳಿಗೆಯಲ್ಲಿ ನನಗೆ ತಿಳಿಯಿತು. ಹೇಗೆ ತಿಳಿಯಿತೋ ಹೇಳಲಾರೆ. ಆ ಜೇನುಬಣ್ಣದ ಗಟ್ಟಿ ಜಿಡ್ಡಲ್ಲ, ರಾಳ. ನಾನು ಒರೆಸಿದ ಬಿಳಿ ಧೂಳು ಅದರ ಪುಡಿ. ಆ ಪುಡಿಯೇ ತಂತಿಯನ್ನು ಹಿಡಿದು ನುಡಿಸುವುದು ಎಂಬುದನ್ನೆಲ್ಲ ಆಮೇಲೆ ಯಾರೋ ಬಿಡಿಸಿ ಹೇಳಿದರು. ಅಲ್ಲಿ ಮಾತ್ರ ನನ್ನ ಬೆರಳಿಗೇ ಗೊತ್ತಾದಂತಾಯಿತು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಎದ್ದು ಏನಾದರೂ ಮಾಡಬೇಕು ಎನ್ನಿಸಿತು. ಏನು ಮಾಡುವುದು? ಸಾಬೂನು ತರಲೇ? ಓಡಿಹೋಗಿ ಕುದುರೆ ತರಲೇ?

ಸರ್ ತಮ್ಮ ಕಮಾನು ಹಿಡಿದು ವೇದಿಕೆಗೆ ಓಡಿದರು. ಅದರಿಂದ ಮೊದಲ ಎಳೆತಕ್ಕೆ ಅರ್ಧ ದನಿ ಬಂತು. ನನಗೆ ಜೀವ ಬಂದಂತಾಯಿತು. ಎರಡನೆಯದಕ್ಕೆ ದನಿ ಸೀಳಿತು. ಮೂರನೆಯದಕ್ಕೆ ಅದೂ ಪಾಟಿ ಒರೆಸಿತು. ತಂತಿಗೆ ಅಂಟಿದ್ದ ಎಣ್ಣೆ ಆ ಕಮಾನಿಗೂ ಹತ್ತಿಬಿಟ್ಟಿತ್ತು. ಸರ್ ಕರ್ಚೀಫಿನಿಂದ ತಂತಿ ಒರೆಸಿದರು, ಪ್ರಯೋಜನವಾಗಲಿಲ್ಲ. ತಮ್ಮ ವಯೊಲಿನ್ ತರುವುದಾಗಿ ಸನ್ನೆ ಮಾಡಿದರು. ಅದು ದೊಡ್ಡವರ ಅಳತೆಯದು, ಇವಳ ಬೆರಳಿಗೆ ಗೊತ್ತಿದ್ದ ಜಾಗಗಳು ಅದರಲ್ಲಿಲ್ಲ. ಮಗಳು ಬೇಡವೆಂದು ತಲೆಯಾಡಿಸಿದಳು.

ಕಮಾನನ್ನು ಪಿಯಾನೊದ ಮೇಲಿಟ್ಟಳು. ಗೆಳತಿಯ ಕಡೆ ನೋಡಿದಳು. ಆಮೇಲೆ ಬಲಗೈಯ ಒಂದು ಬೆರಳಿನಿಂದ ತಂತಿಯನ್ನು ಮೀಟುತ್ತ ಆ ಕೃತಿಯನ್ನು ಶುರು ಮಾಡಿದಳು. ಆ ಹುಡುಗಿ ಎಂಥ ಜಾಣೆ! ತಕ್ಷಣ ಪಿಯಾನೊದ ದನಿಯನ್ನು ಇಳಿಸಿದಳು, ಮೀಟಿದ ಸ್ವರ ಸಾಯುವ ಮುಂಚೆ ತನ್ನದೊಂದನ್ನು ತಂದು ಕೊಡುತ್ತ ಹೋದಳು. ಹಾಗೆ ಪೂರ್ತಿ ನುಡಿಸಿದರು. ಎಳೆದು ಹಾಡಬೇಕಾದದ್ದನ್ನು ಚುಕ್ಕಿ ಚುಕ್ಕಿಯಾಗಿ ಇಟ್ಟುಕೊಂಡು ಹೋದರು. ಕೊನೆಗೆ ಆ ಉದ್ದನೆಯ ಸ್ವರ ಬಂತು. ಮಗಳು ಮೀಟಿದಳು. ಟಣ್ ಎಂದಿತು, ಹೋಯಿತು. ಕೆಳಗೆ ಪಿಯಾನೊ ಒಂದೊಂದೇ ಮೆಟ್ಟಿಲಿಳಿಯಿತು, ಮೇಲೆ ಏನೂ ಇರಲಿಲ್ಲ. ಮಗಳು ಮಾತ್ರ ಎಡಗೈ ಬೆರಳನ್ನು ತಂತಿಯಿಂದ ತೆಗೆಯಲಿಲ್ಲ. ನಾನು ಎಣಿಸಿದೆ. ಎಂಟರವರೆಗೂ ಒತ್ತಿಕೊಂಡೇ ನಿಂತಿದ್ದಳು.

ಜನ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದವರು ಇದು ಹೊಸ ಬಗೆ, ಚೆನ್ನಾಗಿತ್ತು ಎಂದು ಮರಾಠಿಯಲ್ಲಿ ನನಗೇ ಹೇಳಿದರು. ನಾನು ತಲೆಯಾಡಿಸಿದೆ.

ವೇದಿಕೆಯ ಹಿಂದಿನ ಕೋಣೆಗೆ ಹೋದಾಗ ಸರ್ ಎರಡೂ ಕಮಾನುಗಳನ್ನು ದೀಪದ ಕೆಳಗೆ ಹಿಡಿದಿದ್ದರು. ಮೂಸಿ ನೋಡಿದರು. ಇನ್ನೆಂದೂ ಈ ಕೂದಲು ರಾಳ ಹಿಡಿಯದು, ಎರಡಕ್ಕೂ ಹೊಸದೇ ಕಟ್ಟಿಸಬೇಕು ಎಂದರು. ಆಮೇಲೆ ಸುತ್ತ ನಿಂತ ಮಕ್ಕಳನ್ನೆಲ್ಲ ನೋಡಿ, ಎಣ್ಣೆ ಹಚ್ಚಿದ್ದು ಯಾರು ಎಂದು ಮೆಲ್ಲಗೆ ಕೇಳಿದರು. ನಾನು ಮೂರು ಹೆಜ್ಜೆ ದೂರದಲ್ಲಿ ಬುತ್ತಿಯ ಚೀಲ ಹಿಡಿದು ನಿಂತಿದ್ದೆ.

"ಮೀ ಲಾವ್ಲಂ, ಸರ್" ಎಂದಳು ಮಗಳು. ನಾನೇ ಹಚ್ಚಿದೆ ಎಂದು.

ಸರ್ ಬೈಯಲಿಲ್ಲ. ನಾಲ್ಕು ವರ್ಷ ನಾನು ನಿನಗೆ ಕಲಿಸಿದ್ದೇನು ಮಗಾ ಎಂದು ಕೇಳಿ, ಕಮಾನನ್ನು ಪೆಟ್ಟಿಗೆಯಲ್ಲಿಟ್ಟು ಹೊರಗೆ ಹೋದರು. ಅವಳು ತಲೆ ತಗ್ಗಿಸಿ ನಿಂತಳು. ಆ ಎರಡು ಶಬ್ದ ನನಗೂ ಬರುತ್ತಿದ್ದವು. ಅದಕ್ಕೆ ಕ್ರಿಯಾಪದ ಹುಡುಕುವ ತ್ರಾಸೂ ಇರಲಿಲ್ಲ, ಮಗಳೇ ಹುಡುಕಿ ಎದುರಿಗಿಟ್ಟಿದ್ದಳು. ನಾನು ಬುತ್ತಿಯ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದೆ. ಆಮೇಲೂ ಹೇಳಬಹುದಿತ್ತು, ಅಂಗಳದಲ್ಲಿ ಸರ್ ಒಬ್ಬರೇ ನಿಂತಿದ್ದರು. ಅವರಿಗೆ ನಮಸ್ಕಾರ ಮಾಡಿ ಮುಂದೆ ಹೋದೆ. ನಾಸಿಕ ಬಿಡುವ ದಿನದವರೆಗೂ ಹೇಳಲಿಲ್ಲ.

ಸಭಾಂಗಣದಲ್ಲಿ ಕುರ್ಚಿ ಎತ್ತಿಡುತ್ತಿದ್ದರು. ಇಬ್ಬರೂ ಹುಡುಗಿಯರು ಪಿಯಾನೊದ ಮುಂದೆ ಒಂದೇ ಪೀಠದ ಮೇಲೆ ಕುಳಿತಿದ್ದರು. ಒಬ್ಬಳು ಒಂದೇ ಮಣೆಯನ್ನು ಒತ್ತುವುದು, ಅದು ಪೂರ್ತಿ ನಿಲ್ಲುವವರೆಗೆ ಇಬ್ಬರೂ ಕೇಳುವುದು, ಮತ್ತೆ ಇನ್ನೊಬ್ಬಳು ಒತ್ತುವುದು. ಶಾಲೆಯ ಜವಾನ ಬಂದು ಮುಚ್ಚಳ ಹಾಕಬೇಕೆಂದ. ಎದ್ದರು. ಆ ಹುಡುಗಿ ನನ್ನ ಕಾಲಿಗೆ ನಮಸ್ಕರಿಸಿ ದಸರೆಯ ಬನ್ನಿಯೆಂದು ಒಂದು ಎಲೆ ಕೊಟ್ಟಳು. ಬಂಗಾರದಂಥ ಹುಡುಗಿ, ಕಣ್ಣು ಕೆಂಪಗಿತ್ತು.

ಬಸ್ ನಿಲ್ದಾಣದ ಹತ್ತಿರದ ವಸತಿಗೃಹದಲ್ಲಿ ತಂಗಿ ಮರುದಿನ ಬೆಳಿಗ್ಗೆ ಹೊರಟೆವು. ಮಗಳಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು, ಪೆಟ್ಟಿಗೆ ತೊಡೆಯ ಮೇಲಿತ್ತು. ಎಲ್ಲವನ್ನೂ ಹೇಳಿಬಿಡಬೇಕು, ಎಣ್ಣೆಯದನ್ನಲ್ಲ, ಅದು ಅವಳಿಗೆ ಗೊತ್ತು, ಅರ್ಜಿಯದನ್ನು ಹೇಳಿಬಿಡಬೇಕು ಎಂದು ನಾನು ರಾತ್ರಿಯೆಲ್ಲ ಮಾತು ಜೋಡಿಸಿದ್ದೆ. ಕನ್ನಡದಲ್ಲಿ, ನನ್ನ ಸ್ವಂತ ಭಾಷೆಯಲ್ಲಿ ಜೋಡಿಸಿದ್ದೆ. ವೈಜಾಪುರ ಬರಲಿ, ಹೇಳುತ್ತೇನೆ ಎಂದುಕೊಂಡೆ. ವೈಜಾಪುರ ಬಂತು. ಜನ ಇಳಿದು ಚಹಾ ಕುಡಿದು ಹತ್ತಿದರು. ಬಸ್ಸು ಹೊರಟಿತು. ನಿನ್ನೆ ಕುಳಿತಿದ್ದ ಬೇವಿನ ಮರ ದಾಟಿತು.

ನನ್ನ ಕಣ್ಣಿನಿಂದ ನೀರು ಬಂದಿರಬೇಕು. ಮಗಳು ಓಢಣಿಯ ತುದಿಯನ್ನು ನನ್ನ ಕೈಗೆ ತುರುಕಿದಳು. ಆಮೇಲೆ ಒಂದೊಂದೇ ಶಬ್ದವನ್ನು ಹುಡುಕಿ ಹುಡುಕಿ, ಆರು ವರ್ಷದಲ್ಲಿ ಮೊದಲ ಸಲ ನನ್ನೊಂದಿಗೆ ಅಷ್ಟುದ್ದ ಕನ್ನಡ ಆಡಿದಳು.

"ಅಳಬ್ಯಾಡ್ರಿ ಪಪ್ಪಾ. ಎಣ್ಣಿದು ನಿಮಗ ಗೊತ್ತಿದ್ದಿಲ್ಲ. ಟ್ರಾನ್ಸ್‌ಫರ್‌ದು ಬ್ಯಾಂಕಿನವರು ಮಾಡ್ಯಾರ. ನಮ್ಮ ಕೈಯಾಗ ಏನದ?"

ನಾನು ಓಢಣಿಯಿಂದ ಮುಖ ಒರೆಸಿಕೊಂಡು, "ಹೌದವ್ವಾ" ಎಂದೆ.